ಗೋಡೆಯ ಜೇಡಕ್ಕೆ ಒಂದು ಡಬ್ಬಿ, ಒಂದು ಹನಿ ನೀರು

ನಮ್ಮ ಪಡಸಾಲೆಯ ಕಿಟಕಿ ಪಕ್ಕದ ಗೋಡೆಗೆ ಚಳಿಗಾಲದಲ್ಲಿ ಬೆಳಿಗ್ಗೆ ಒಂಬತ್ತರ ಬಿಸಿಲು ಬೀಳುತ್ತದೆ. ನಾನು ಚಹಾ ಕುಡಿಯುವುದು ಅಲ್ಲೇ. ನಾಲ್ಕು ವರ್ಷದ ಹಿಂದೆ ಒಂದು ದಿನ ಆ ಬಿಸಿಲಲ್ಲಿ ಬೂದು ಬಣ್ಣದ ಸಣ್ಣ ಜೇಡ ಕೂತಿತ್ತು. ನಾನು ಲೋಟ ಕೆಳಗಿಟ್ಟೆ. ಅದು ಇಡೀ ಮೈ ತಿರುಗಿಸಿ ನನ್ನ ಕಡೆ ಮುಖ ಮಾಡಿತು. ನಾನು ಎಡಕ್ಕೆ ಬಾಗಿದೆ, ಅದೂ ಎಡಕ್ಕೆ ತಿರುಗಿತು. ಬಲಕ್ಕೆ ಬಾಗಿದರೆ ಬಲಕ್ಕೆ. ಅಷ್ಟು ವರ್ಷ ಕಸಬರಿಗೆಯಿಂದ ಗುಡಿಸಿ ಹಾಕಿದ್ದ ಜೀವ ನನ್ನನ್ನು ನೋಡುತ್ತಿತ್ತು.

ಅವತ್ತಿನಿಂದ ಇಲ್ಲಿಯವರೆಗೆ ಒಂಬತ್ತು ಜೇಡ ಸಾಕಿದ್ದೇನೆ. ಎಲ್ಲ ನಮ್ಮ ಕಲಬುರಗಿಯ ಮನೆಯಲ್ಲೇ ಸಿಕ್ಕವು. ಒಂದಕ್ಕೂ ದುಡ್ಡು ಕೊಟ್ಟಿಲ್ಲ. ಮೊದಲನೆಯದೊಂದು ಬಿಟ್ಟು ಉಳಿದವನ್ನು ಕೆಲವು ತಿಂಗಳು ಇಟ್ಟುಕೊಂಡು ನೋಡಿ ಮತ್ತೆ ಅದೇ ಗೋಡೆಗೆ ಬಿಟ್ಟಿದ್ದೇನೆ. ನಮ್ಮ ಕಡೆ, ಅಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆ, ಇದನ್ನು ಮಾಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಊಟದ ಚಿಂತೆ ಆಮೇಲೆ, ನೀರಿನ ಚಿಂತೆ ಮೊದಲು. ಯಾಕೆ ಅಂತ ಮುಂದೆ ಬರುತ್ತದೆ.

ಮೊದಲು ಒಂದು ವಾರ ಸುಮ್ನೆ ನೋಡಿ

ಡಬ್ಬಿ ತರಬೇಡಿ, ಹಿಡಿಯಬೇಡಿ. ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಒಂದು ವಾರ ನೋಡಿ. ಜಗತ್ತಿನಲ್ಲಿ ಹೆಸರಿಟ್ಟು ದಾಖಲಿಸಿದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಅದರಲ್ಲಿ ನಮ್ಮ ಮನೆಯೊಳಗೆ ಪದೇ ಪದೇ ಕಾಣುವವು ಬೆರಳೆಣಿಕೆಯಷ್ಟು. ಗುರುತು ಹಿಡಿಯುವುದು ಕಷ್ಟವೇನಲ್ಲ.

ಬಿಸಿಲು ಬೀಳುವ ಗೋಡೆ, ಕಿಟಕಿ ಚೌಕಟ್ಟು, ಮಾಳಿಗೆಯ ಪ್ಯಾರಾಪೆಟ್ ಮೇಲೆ ಹಗಲು ಹೊತ್ತು ಓಡಾಡುವುದು ನೆಗೆಯುವ ಜೇಡ. ಬಲೆ ಕಟ್ಟಿ ಬೇಟೆಯಾಡುವುದಿಲ್ಲ. ನೊಣದ ಹಿಂದೆ ಬೆಕ್ಕಿನ ಹಾಗೆ ಹೊಂಚು ಹಾಕಿ ಮೇಲೆ ಹಾರುತ್ತದೆ. ಹಾರುವ ಮುಂಚೆ ಒಂದು ಎಳೆಯನ್ನು ಗೋಡೆಗೆ ಅಂಟಿಸಿಕೊಳ್ಳುತ್ತದೆ, ಗುರಿ ತಪ್ಪಿದರೂ ಬಿದ್ದು ಹೋಗುವುದಿಲ್ಲ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಕಾರಿನ ಹೆಡ್‌ಲೈಟ್ ಹಾಗೆ ದೊಡ್ಡವು. ನನ್ನನ್ನು ತಿರುಗಿ ನೋಡಿದ್ದು ಇದೇ. ಮೊದಲ ಸಲ ಸಾಕುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಸಣ್ಣದು, ಹಗಲಲ್ಲಿ ಎಚ್ಚರ ಇರುತ್ತದೆ, ನೋಡಲು ಏನಾದರೂ ಮಾಡುತ್ತಲೇ ಇರುತ್ತದೆ.

ಛಾವಣಿ ಮೂಲೆಯಲ್ಲಿ, ಮಾಳಿಗೆ ಮನೆಯ ತೊಲೆ ಸಂದಿಯಲ್ಲಿ, ನಾಗೊಂದಿಗೆ ಮೇಲಿನ ಪಾತ್ರೆಗಳ ಹಿಂದೆ ತಲೆಕೆಳಗಾಗಿ ತೂಗುವುದು ಉದ್ದ ಕಾಲಿನ ಜೇಡ. ಕೂದಲಿನಷ್ಟು ಸಣ್ಣ ಕಾಲು, ಪುಟ್ಟ ಮೈ. ಬಲೆಗೆ ಬೆರಳು ತಾಗಿಸಿ ನೋಡಿ, ಮೈಯನ್ನು ಗರಗರ ಅಲುಗಿಸಿ ಕಣ್ಣಿಗೇ ಕಾಣದ ಹಾಗೆ ಆಗಿಬಿಡುತ್ತದೆ. ಹೆಣ್ಣು ತನ್ನ ಮೊಟ್ಟೆಗಳನ್ನು ನಾಲ್ಕಾರು ಎಳೆಯಲ್ಲಿ ಸುತ್ತಿ ಬಾಯಲ್ಲೇ ಕಚ್ಚಿಕೊಂಡು ತಿರುಗುತ್ತದೆ. ಆ ದಿನಗಳಲ್ಲಿ ಊಟ ಅಷ್ಟಕ್ಕಷ್ಟೇ. ಬಾಯಲ್ಲಿ ಗುಂಡಗೆ ಮುತ್ತಿನ ಗೊಂಚಲು ಹಿಡಿದ ಹಾಗೆ ಕಂಡರೆ ಅದನ್ನು ಹಿಡಿಯಬೇಡಿ, ಅಲ್ಲೇ ನೋಡಿ.

ರಾತ್ರಿ ಬಚ್ಚಲಲ್ಲಿ ದೀಪ ಹಾಕಿದಾಗ ಅಂಗೈ ಅಗಲದ ಜೇಡ ಗೋಡೆಗೆ ಅಂಟಿಕೊಂಡಿದ್ದನ್ನು ಕಂಡು ಕಿರುಚದವರು ಯಾರಿದ್ದಾರೆ? ಚಪ್ಪಟೆ ಮೈ, ಏಡಿಯ ಹಾಗೆ ಅಡ್ಡಡ್ಡ ಕಾಲು. ಹಗಲಲ್ಲಿ ಕ್ಯಾಲೆಂಡರ್ ಹಿಂದೆ, ಫೋಟೋ ಹಿಂದೆ, ಬಾಗಿಲ ಸಂದಿಯಲ್ಲಿ ಅಡಗಿರುತ್ತದೆ. ಜಿರಳೆ ಹಿಡಿದು ತಿನ್ನುವ ಜೇಡ ಇದು. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥದ್ದನ್ನು ಹೊತ್ತು ತಿರುಗುತ್ತಿದ್ದರೆ ಅದು ಮೊಟ್ಟೆಯ ಚೀಲ. ಇದನ್ನು ಸಾಕಲು ದೊಡ್ಡ ಡಬ್ಬಿ ಬೇಕು, ಧೈರ್ಯವೂ ಬೇಕು. ಮೊದಲ ವರ್ಷ ಬೇಡ.

ಇನ್ನೊಂದು ತೀರಾ ಸಣ್ಣದು. ಗೋಡೆ ಮೇಲೆ ರೂಪಾಯಿ ಬಿಲ್ಲೆಗಿಂತ ಚಿಕ್ಕದಾದ ಬೆಳ್ಳಗಿನ ಕಲೆ ಇರುತ್ತದೆ, ಸುಣ್ಣ ಉಬ್ಬಿದೆ ಅಂತ ನಾವು ಬಿಟ್ಟುಬಿಡುತ್ತೇವೆ. ಹತ್ತಿರ ಹೋಗಿ ನೋಡಿದರೆ ಅದು ಚಪ್ಪಟೆ ಬಲೆ. ಅದರ ಕೆಳಗೆ ಎರಡು ಮೂರು ಮಿಲಿಮೀಟರ್ ಜೇಡ. ಇರುವೆ ಹತ್ತಿರ ಬಂದರೆ ಹೊರಗೆ ಬಂದು ಅದರ ಸುತ್ತ ಗಿರಗಿರ ಓಡುತ್ತಾ ಎಳೆ ಸುತ್ತಿಬಿಡುತ್ತದೆ. ಇದನ್ನು ಡಬ್ಬಿಗೆ ಹಾಕುವ ಅಗತ್ಯವೇ ಇಲ್ಲ. ಮಕ್ಕಳಿಗೆ ಕೈಗನ್ನಡಿ ಹಾಗೆ ಹಿಡಿಯುವ ಭೂತಗನ್ನಡಿ ಕೊಟ್ಟು ಗೋಡೆ ಮುಂದೆ ಕೂರಿಸಿ, ಸಾಕು.

ಅಂಗಳ ಇದ್ದವರು ರಾತ್ರಿ ಇನ್ನೊಂದು ಕೆಲಸ ಮಾಡಬಹುದು. ಟಾರ್ಚನ್ನು ಹಣೆಯ ಮಟ್ಟಕ್ಕೆ, ಕಣ್ಣಿನ ಪಕ್ಕದಲ್ಲೇ ಹಿಡಿದು ನೆಲದ ಮೇಲೆ ಬೆಳಕು ಬಿಡಿ. ಅಲ್ಲಲ್ಲಿ ಹಸಿರು-ಬಿಳಿ ಚುಕ್ಕೆ ಮಿನುಗಿದರೆ ಅವು ನೆಲದ ಮೇಲೆ ಓಡಾಡುವ ತೋಳ ಜೇಡದ ಕಣ್ಣುಗಳು. ಇಬ್ಬನಿ ಅಂದುಕೊಳ್ಳಬೇಡಿ. ಹತ್ತಿರ ಹೋದರೆ ಹೊಳೆಯುವ ಹನಿ ಎದ್ದು ಓಡುತ್ತದೆ.

ಮುಟ್ಟಬಾರದವು

ಜೇಡ ಹುಡುಕುತ್ತಾ ಹಿತ್ತಲಿನ ಕಲ್ಲು ಎತ್ತಬೇಡಿ. ಇದು ಗಂಭೀರವಾದ ಮಾತು. ನಮ್ಮ ಕಡೆ ಕಲ್ಲಿನ ಕೆಳಗೆ ಚೇಳು ಜಾಸ್ತಿ, ಅದರಲ್ಲೂ ಕೆಂಪು ಚೇಳಿನ ಕುಟುಕು ಜೀವಕ್ಕೆ ಅಪಾಯ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿ ದಿನ ಜನ ಬೆಟ್ಟ ಹತ್ತಿ ಕಲ್ಲು ಎತ್ತಿ ಚೇಳನ್ನು ಕೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಅದು ಅವರ ನಂಬಿಕೆ, ಅವರ ಊರಿನ ಹಬ್ಬ. ಅದನ್ನು ನೋಡಿ ಬಂದು ನಾವು ಹಿತ್ತಲಲ್ಲಿ ಪ್ರಯತ್ನ ಮಾಡುವುದು ಬೇಡ. ಮನೆಯೊಳಗೆ ಸಿಗುವಷ್ಟು ಜೇಡ ಸಾಕು.

ಕಪ್ಪಗೆ ಹೊಳೆಯುವ ಗುಂಡು ಹೊಟ್ಟೆ, ಅದರ ಮೇಲೋ ಕೆಳಗೋ ಕೆಂಪು ಗುರುತು ಇದ್ದರೆ ಕೈ ಹಾಕಬೇಡಿ. ಯಾವುದು ಅಂತ ಗೊತ್ತಾಗದಿದ್ದರೂ ಕೈ ಹಾಕಬೇಡಿ. ದೂರದಿಂದ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಿದರೆ ಗೊತ್ತಿರುವವರು ಗುರುತಿಸಿ ಹೇಳುತ್ತಾರೆ.

ಮೈ ತುಂಬ ಕೂದಲಿರುವ ದೊಡ್ಡ ಟ್ಯಾರಂಟುಲಾ ಕೊಳ್ಳುವ ಆಸೆ ಕೆಲವರಿಗೆ ಇರುತ್ತದೆ. ಬೇಡ. ನಮ್ಮ ದೇಶದ ಕಾಡಿನ ಮರದ ಪೊಟರೆಗಳಲ್ಲಿ ಇರುವ ಹುಲಿ ಜೇಡಗಳನ್ನು ಕದ್ದು ಮಾರುವುದು ಎಷ್ಟು ಹೆಚ್ಚಾಗಿದೆ ಅಂದರೆ 2019ರಲ್ಲಿ ಅವನ್ನು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಬೇಕಾಯಿತು. ಕಾಡಿನ ಜೀವ ಕಾಡಲ್ಲಿರಲಿ.

ಬಳ್ಳಾರಿ ಜಾಲಿ ಗಿಡದಲ್ಲಿ ಹಳೇ ಬಟ್ಟೆ ಸಿಕ್ಕಿಕೊಂಡ ಹಾಗೆ ಬೂದು ಗೂಡು ಕಂಡರೂ ಅದನ್ನು ಬಿಡಿಸಬೇಡಿ. ಅದರೊಳಗೆ ನೂರಾರು ಜೇಡ ಒಟ್ಟಿಗೆ ಬದುಕುತ್ತವೆ. ಒಂದನ್ನೊಂದು ತಿನ್ನದೆ, ಬಲೆಯನ್ನು ಕೂಡಿ ಕಟ್ಟಿ, ಬೇಟೆಯನ್ನು ಹಂಚಿಕೊಂಡು ತಿನ್ನುವ ಜೇಡ ಜಗತ್ತಿನಲ್ಲಿ ತೀರಾ ಕಡಿಮೆ. ತಾಯಿ ತಾನು ತಿಂದದ್ದನ್ನೇ ಕಕ್ಕಿ ಮರಿಗಳಿಗೆ ಉಣಿಸುತ್ತದೆ, ಕೊನೆಗೆ ಮರಿಗಳು ತಾಯಿಯನ್ನೇ ತಿಂದು ಬೆಳೆಯುತ್ತವೆ. ಶಹಾಬಾದ್ ಕಡೆ ಹೋಗುವ ದಾರಿಯಲ್ಲಿ ಅಂಥ ಗೂಡಿನ ಮುಂದೆ ನಾನು ಒಂದು ಸಂಜೆ ಪೂರ್ತಿ ನಿಂತಿದ್ದೇನೆ. ಅದರಿಂದ ಒಂದನ್ನು ಕಿತ್ತು ತಂದು ಡಬ್ಬಿಯಲ್ಲಿ ಒಂಟಿಯಾಗಿ ಇಡಲು ಮನಸ್ಸು ಬರಲಿಲ್ಲ.

ಕಚ್ಚುತ್ತದಾ? ಗುಳ್ಳೆ ಏಳುತ್ತದಾ?

ನಮ್ಮ ಅತ್ತೆ ಮೊದಲು ಕೇಳಿದ್ದು ಇದನ್ನೇ. "ಏನವಾ, ಮನ್ಯಾಗ ಜ್ಯಾಡ ಸಾಕ್ತಿ? ಮೈಮ್ಯಾಲ ಉಚ್ಚಿ ಹೊಯ್ದ್ರ ಗುಳ್ಳಿ ಏಳ್ತಾವ ನೋಡು."

ಈ ಮಾತು ಎಲ್ಲರ ಮನೆಯಲ್ಲೂ ಇದೆ. ಗುಳ್ಳೆ ಏಳುವುದು ನಿಜ, ಜೇಡ ಕಾರಣ ಅನ್ನುವುದು ತಪ್ಪು. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಒಂದು ಸಣ್ಣ ಹುಳ ಇದೆ. ಇರುವೆಯ ಹಾಗೆ ಉದ್ದ, ಕಪ್ಪು ಮತ್ತು ಕಿತ್ತಳೆ ಪಟ್ಟೆ. ಮಲಗಿದ್ದಾಗ ಕತ್ತಿನ ಮೇಲೆ ಹರಿದರೆ ನಾವು ಉಜ್ಜಿಬಿಡುತ್ತೇವೆ. ಅದರ ಮೈಯೊಳಗಿನ ರಸ ಚರ್ಮಕ್ಕೆ ತಾಗಿ ಮರುದಿನ ಗೆರೆ ಎಳೆದ ಹಾಗೆ ಉರಿ, ಗುಳ್ಳೆ ಬರುತ್ತದೆ. ಇನ್ನು ಕೆಲವು ಸಲ ಅದು ಸರ್ಪಸುತ್ತು, ಅದು ವೈರಸ್ಸಿನಿಂದ ಬರುವ ಕಾಯಿಲೆ. ಎರಡಕ್ಕೂ ಡಾಕ್ಟರ ಹತ್ತಿರ ಹೋಗಬೇಕು. ಜೇಡದ ಮೇಲೆ ಹಾಕಿ ಸುಮ್ಮನೆ ಕೂತರೆ ಔಷಧಿ ತಡವಾಗುತ್ತದೆ. ಅತ್ತೆಗೆ ಟ್ಯೂಬ್‌ಲೈಟ್ ಕೆಳಗೆ ಆ ಹುಳವನ್ನೇ ತೋರಿಸಿದೆ. ಆಮೇಲೆ ಅವರು ಉಚ್ಚೆಯ ಮಾತು ಬಿಟ್ಟರು.

ಕಚ್ಚುವ ವಿಷಯ ಬೇರೆ. ಹೆಚ್ಚು ಕಡಿಮೆ ಎಲ್ಲ ಜೇಡಕ್ಕೂ ವಿಷ ಇರುತ್ತದೆ, ಅದು ನೊಣ, ಸೊಳ್ಳೆ ಕೊಲ್ಲಲು. ನೆಗೆಯುವ ಜೇಡದ ಹಲ್ಲು ಅಷ್ಟು ಸಣ್ಣದು, ಕಚ್ಚುವುದೇ ಅಪರೂಪ. ಬಚ್ಚಲ ದೊಡ್ಡ ಜೇಡವನ್ನು ಕೈಯಲ್ಲಿ ಹಿಸುಕಿದರೆ ಕಚ್ಚುತ್ತದೆ, ನೋವೂ ಆಗುತ್ತದೆ. ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಊತ ಹರಡುತ್ತಾ ಹೋದರೆ, ಉಸಿರು ಕಟ್ಟಿದ ಹಾಗಾದರೆ, ಮೈ ತುಂಬ ದದ್ದು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಿಡಿಯುವ ಮುಂಚೆ ಡಬ್ಬಿ ಸಿದ್ಧ ಮಾಡಿ

ಅರ್ಧ ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬರಣಿ ಸಾಕು. ಬಿಸ್ಕೆಟ್, ಖಾರ-ಬೂಂದಿ ತುಂಬಿ ಕೊಡುತ್ತಾರಲ್ಲ, ಅಂಥದ್ದು. ಎಣ್ಣೆ, ಮಸಾಲೆ ವಾಸನೆ ಪೂರ್ತಿ ಹೋಗುವವರೆಗೆ ಬಿಸಿ ನೀರಿನಲ್ಲಿ ತೊಳೆದು ಒಣಗಿಸಿ. ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಮೇಲೆ ಕಾಯಿಸಿ ಎರಡೂ ಬದಿಯಲ್ಲಿ ಹತ್ತು ಹನ್ನೆರಡು ತೂತು ಮಾಡಿ. ಒಂದೇ ಬದಿಯಲ್ಲಿ ಮಾಡಿದರೆ ಗಾಳಿ ಆಡುವುದಿಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ. ದಬ್ಬಣದಿಂದ ಮಾಡಬೇಡಿ, ತೂತು ದೊಡ್ಡದಾಗಿ ಮರಿ ಜೇಡ ನುಸುಳಿ ಹೋಗುತ್ತದೆ.

ಈಗ ಬರಣಿಯನ್ನು ತಲೆಕೆಳಗು ಮಾಡಿ ಇಡಿ. ಮುಚ್ಚಳ ಕೆಳಗೆ, ಬುಡ ಮೇಲೆ. ಇದನ್ನು ನಾನು ಎರಡು ಜೇಡ ಸಾಕಿದ ಮೇಲೆ ಕಲಿತೆ. ನೆಗೆಯುವ ಜೇಡ ಮಲಗಲು ಬಿಳಿ ರೇಷ್ಮೆಯ ಪುಟ್ಟ ಚೀಲ ಹೆಣೆಯುತ್ತದೆ, ಅದನ್ನು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ಮೂಲೆಯಲ್ಲೇ ಕಟ್ಟುತ್ತದೆ. ಮುಚ್ಚಳ ಮೇಲಿದ್ದರೆ ಮುಚ್ಚಳಕ್ಕೇ ಕಟ್ಟುತ್ತದೆ. ನಾವು ತೆರೆದಾಗಲೆಲ್ಲ ಅದರ ಮನೆ ಹರಿದು ಹೋಗುತ್ತದೆ, ಪಾಪ ಮತ್ತೆ ಕಟ್ಟುತ್ತದೆ.

ಒಳಗೆ ಜಾಸ್ತಿ ಸಾಮಾನು ಬೇಡ. ಮುಚ್ಚಳದ ಮೇಲೆ ಟಿಶ್ಯೂ ಕಾಗದ ಹಾಸಿ. ಒಂದೆರಡು ಒಣ ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿ. ಬೇವಿನ ಕಡ್ಡಿ ನಡೆಯುತ್ತದೆ, ಆದರೆ ಔಷಧಿ ಹೊಡೆದ ಹೊಲದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಬೇಡವೇ ಬೇಡ. ಉದ್ದ ಕಾಲಿನ ಜೇಡಕ್ಕಾದರೆ ಒಂದು ಬದಿಗೆ ಒರಟು ಕಾಗದ ಅಂಟಿಸಬೇಕು, ನುಣುಪು ಪ್ಲಾಸ್ಟಿಕ್ ಮೇಲೆ ಅದಕ್ಕೆ ಹತ್ತಲು ಆಗುವುದಿಲ್ಲ. ಬರಣಿಯೂ ಎರಡು ಲೀಟರಿನದಾಗಬೇಕು, ಇಲ್ಲದಿದ್ದರೆ ಬಲೆ ಕಟ್ಟಲು ಜಾಗ ಸಾಲದು.

ಹಿಡಿಯುವುದು

ಗಾಜಿನ ಲೋಟ, ಒಂದು ಗಟ್ಟಿ ಕಾಗದ. ಹಳೇ ಮದುವೆ ಕಾರ್ಡು ಚೆನ್ನಾಗಿರುತ್ತದೆ. ಜೇಡ ಗೋಡೆ ಮೇಲೆ ನಿಂತಾಗ ಮೆಲ್ಲಗೆ ಮೇಲಿನಿಂದ ಲೋಟ ಮುಚ್ಚಿ. ಕಾಲು ಲೋಟದ ಅಂಚಿಗೆ ಸಿಕ್ಕದಂತೆ ನೋಡಿಕೊಳ್ಳಿ. ಕಾಗದವನ್ನು ಗೋಡೆ ಮತ್ತು ಲೋಟದ ನಡುವೆ ಸರಿಸುತ್ತಾ ಹೋಗಿ, ಜೇಡ ತಾನೇ ಕಾಗದದ ಮೇಲೆ ಕಾಲಿಡುತ್ತದೆ. ಅಷ್ಟೇ. ಬೆರಳಲ್ಲಿ ಹಿಡಿಯಬೇಡಿ, ಕಾಲು ಕಳಚಿ ಬರುತ್ತದೆ. ಒಂದು ಕಾಲು ಹೋದರೂ ಸಣ್ಣ ಜೇಡ ಬದುಕುತ್ತದೆ, ಪೊರೆ ಬಿಡುವಾಗ ಹೊಸ ಕಾಲು ಚಿಕ್ಕದಾಗಿ ಬೆಳೆಯುತ್ತದೆ. ಪೂರ್ತಿ ಬೆಳೆದು ಪೊರೆ ಬಿಡುವುದು ನಿಂತ ಜೇಡಕ್ಕೆ ಆ ಭಾಗ್ಯ ಇಲ್ಲ.

ಗಂಡು-ಹೆಣ್ಣು ನೋಡಿ ಹಿಡಿಯಿರಿ. ಮುಖದ ಮುಂದೆ ಎರಡು ಪುಟ್ಟ ಕೈಗಳ ಹಾಗೆ ಇರುತ್ತವೆ. ಅವುಗಳ ತುದಿ ಬೆಂಕಿಕಡ್ಡಿಯ ತಲೆಯ ಹಾಗೆ ಉಬ್ಬಿದ್ದರೆ ಅದು ಬೆಳೆದ ಗಂಡು. ಗಂಡು ಬೆಳೆದ ಮೇಲೆ ಹೆಣ್ಣನ್ನು ಹುಡುಕುತ್ತಾ ಅಲೆಯುತ್ತದೆ, ಡಬ್ಬಿಯಲ್ಲಿ ಒಂದು ಕಡೆ ನಿಲ್ಲುವುದಿಲ್ಲ, ಆಯುಸ್ಸೂ ಕಡಿಮೆ. ಅದನ್ನು ಬಿಟ್ಟುಬಿಡಿ. ಮರಿಯನ್ನೋ ಹೆಣ್ಣನ್ನೋ ಇಟ್ಟುಕೊಳ್ಳಿ. ಒಂದು ಡಬ್ಬಿಗೆ ಒಂದೇ ಜೇಡ. ಎರಡು ಹಾಕಿದರೆ ಬೆಳಗಾಗುವಷ್ಟರಲ್ಲಿ ಒಂದೇ ಉಳಿದಿರುತ್ತದೆ.

ಮಳೆ ಹಿಡಿದ ಮೇಲೆ, ಆಗಸ್ಟ್‌ನಿಂದ ನವೆಂಬರ್ ತನಕ, ಶುರು ಮಾಡಲು ಒಳ್ಳೆಯ ಸಮಯ. ಹುಳ-ಹುಪ್ಪಟೆ ಬೇಕಾದಷ್ಟು ಸಿಗುತ್ತವೆ, ಬಿಸಿಲಿನ ಕಾಟ ಇರುವುದಿಲ್ಲ.

ನೀರು

ನನ್ನ ಮೊದಲ ಜೇಡವನ್ನು ನಾನೇ ಕೊಂದೆ. ಅದು ಫೆಬ್ರವರಿಯಲ್ಲಿ ಸಿಕ್ಕಿತ್ತು. ಬಿಸಿಲು ಇಷ್ಟ ಅಲ್ವಾ ಅಂತ ಬರಣಿಯನ್ನು ಕಿಟಕಿ ಕಟ್ಟೆಯ ಮೇಲೆ ಇಟ್ಟಿದ್ದೆ. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆಯ ದಿನ ಮನೆಮಂದಿಯೆಲ್ಲ ಮಧ್ಯಾಹ್ನವೇ ಹೋದೆವು, ತೇರು ಎಳೆಯುವುದು ನೋಡಿ ರಾತ್ರಿ ಬಂದೆವು. ಅದು ಬರಣಿಯ ಬುಡದಲ್ಲಿ ಕಾಲು ಮಡಚಿಕೊಂಡು ಬಿದ್ದಿತ್ತು. ಗೋಡೆ ಮೇಲಿದ್ದಾಗ ಬಿಸಿಲು ಜಾಸ್ತಿಯಾದರೆ ಅದು ಸಂದಿಗೆ ಹೋಗುತ್ತಿತ್ತು. ಬರಣಿಯಲ್ಲಿ ಹೋಗಲು ಸಂದಿ ಇರಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಆಮೇಲೆ ಓದಿ ತಿಳಿದದ್ದು ಇದು. ಜೇಡ ತನ್ನ ಕಾಲನ್ನು ಮಡಚುವುದು ಸ್ನಾಯುವಿನಿಂದ. ಚಾಚುವುದಕ್ಕೆ ಮುಖ್ಯ ಕೀಲುಗಳಲ್ಲಿ ಸ್ನಾಯು ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಚಾಚುತ್ತದೆ, ಜೆಸಿಬಿಯ ಕೈ ಎತ್ತುವ ಹಾಗೆ. ನೆಗೆಯುವ ಜೇಡ ಹಾರುವುದೂ ಈ ಬಲದಿಂದಲೇ. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲು ತಾನೇ ಒಳಗೆ ಮಡಚಿಕೊಳ್ಳುತ್ತದೆ. ಊಟ ಇಲ್ಲದೆ ಅದು ವಾರಗಟ್ಟಲೆ ಇರಬಲ್ಲದು. ನೀರಿಲ್ಲದೆ, ನಮ್ಮ 42, 43 ಡಿಗ್ರಿ ಬಿಸಿಲಿನ ಒಣ ಗಾಳಿಯಲ್ಲಿ, ಆಗುವುದಿಲ್ಲ.

ಆದ್ದರಿಂದ ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಬೆಳಿಗ್ಗೆ-ಸಂಜೆ ಎರಡು ಸಲ, ಬೆರಳು ಅದ್ದಿ ಬರಣಿಯ ಒಳಗೋಡೆಗೆ ನಾಲ್ಕಾರು ಸಣ್ಣ ಹನಿ ಚಿಮುಕಿಸಿ. ಜೇಡದ ಮೇಲೆ, ಅದರ ಚೀಲದ ಮೇಲೆ ಬೀಳಬಾರದು. ಅದು ನಡೆದು ಬಂದು ಹನಿಗೆ ಬಾಯಿ ಹಚ್ಚಿ ನಿಲ್ಲುವುದನ್ನು ನೋಡಬೇಕು ನೀವು, ಹನಿ ಕಣ್ಣೆದುರೇ ಸಣ್ಣದಾಗುತ್ತದೆ. ಒಂದು ಮೂಲೆಗೆ ಕಡಲೆಕಾಳಿನಷ್ಟು ಒದ್ದೆ ಹತ್ತಿ ಇಡಿ, ಎರಡು ದಿನಕ್ಕೊಮ್ಮೆ ಬದಲಿಸಿ. ಮುಚ್ಚಳದಲ್ಲಿ ನೀರು ತುಂಬಿ ಇಡಬೇಡಿ, ಸಣ್ಣ ಜೇಡ ಮುಳುಗುತ್ತದೆ. ಮಳೆಗಾಲದಲ್ಲಿ ಹತ್ತಿ ಬೇಡ, ಹನಿಯಷ್ಟೇ ಸಾಕು.

ಶೀತ ದೇಶದವರು ಬರೆದ ಸಲಹೆಗಳಲ್ಲಿ ಡಬ್ಬಿಯನ್ನು ಬೆಚ್ಚಗಿಡಿ, ಕೆಳಗೆ ಹೀಟರ್ ಇಡಿ ಅಂತ ಇರುತ್ತದೆ. ನಮಗೆ ಅದು ಉಲ್ಟಾ. ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ಬರಣಿಯ ಜಾಗ ಮನೆಯ ಅತಿ ತಂಪಾದ ಮೂಲೆ. ನೆಲಕ್ಕೆ ಶಹಾಬಾದ್ ಫರ್ಸಿ ಹಾಕಿದ ಮನೆಯಾದರೆ ನೆಲದ ಮೇಲೇ ಇಡಿ, ಅಟ್ಟದ ಮೇಲೆ ಬೇಡ. ಕುಡಿಯುವ ನೀರಿನ ಮಣ್ಣಿನ ಗಡಿಗೆ ಪಕ್ಕದ ಜಾಗ ಚೆನ್ನ. ನಾನು ಇನ್ನೊಂದು ಮಾಡುತ್ತೇನೆ: ಮಣ್ಣಿನ ತಟ್ಟೆಯಲ್ಲಿ ಮರಳು ಹಾಕಿ ನೀರು ಚಿಮುಕಿಸಿ ಅದರ ಮೇಲೆ ಬರಣಿ ಇಡುತ್ತೇನೆ. ನೀರು ಆರುತ್ತಾ ಬುಡ ತಂಪಾಗಿರುತ್ತದೆ. ಕೂಲರ್ ಇರುವ ಕೋಣೆ ಒಳ್ಳೆಯದು, ಆದರೆ ಗಾಳಿ ನೇರ ಬಡಿಯುವ ಕಡೆ ಇಡಬಾರದು. ಬೀದರಿನವರು ಎತ್ತರದ ಮೇಲಿದ್ದಾರೆ, ಅವರಿಗೆ ಈ ಕಷ್ಟ ನಮಗಿಂತ ಸ್ವಲ್ಪ ಕಡಿಮೆ.

ಹೊಟ್ಟೆ ಒಣದ್ರಾಕ್ಷಿ ಹಾಗೆ ಸುಕ್ಕುಗಟ್ಟಿದ್ದರೆ, ನಡೆಯುವಾಗ ತಡವರಿಸಿದರೆ, ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರೆ ಬಾಯಾರಿದೆ ಅಂತ. ಸತ್ತಿದೆ ಅಂತ ಎಸೆಯಬೇಡಿ. ಚಮಚದ ಮೇಲೆ ಒಂದು ಸಣ್ಣ ಹನಿ ಇಟ್ಟು ಬಾಯಿ ಮಾತ್ರ ತಾಗುವಂತೆ ಅದನ್ನು ಕಾಗದದ ತುದಿಯಿಂದ ಸರಿಸಿ. ನನ್ನ ನಾಲ್ಕನೆಯ ಜೇಡ ಹೀಗೆ ಅರ್ಧ ಗಂಟೆ ಹನಿ ಮುಂದೆ ಬಿದ್ದಿದ್ದು, ಆಮೇಲೆ ಒಂದು ಕಾಲು ಚಾಚಿತು.

ಊಟ

ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಒಂದು ಹುಳ. ಜೇಡದ ಮೈಗಿಂತ ದೊಡ್ಡದು ಬೇಡ. ಜೀವಂತ ಇರಬೇಕು, ಅಲುಗಾಡದ್ದನ್ನು ನೆಗೆಯುವ ಜೇಡ ಊಟ ಅಂತ ಲೆಕ್ಕಿಸುವುದು ಕಡಿಮೆ.

ಎಲ್ಲಿಂದ ತರುವುದು? ಕಳಿತ ಬಾಳೆಹಣ್ಣಿನ ಸಿಪ್ಪೆಯನ್ನು ಬಾಟಲಿಯಲ್ಲಿ ಹಾಕಿ ಬಾಯಿಗೆ ಕಾಗದದ ಆಲಿಕೆ ಮಾಡಿ ಇಟ್ಟರೆ ಎರಡು ದಿನದಲ್ಲಿ ಹಣ್ಣಿನ ನೊಣ ಸೇರುತ್ತವೆ. ಮರಿ ಜೇಡಕ್ಕೆ ಇದೇ ಊಟ. ಏಪ್ರಿಲ್-ಮೇ ಸೆಕೆಯಲ್ಲಿ ಈ ನೊಣಗಳ ಸಂತತಿ ಸರಿಯಾಗಿ ಬೆಳೆಯುವುದಿಲ್ಲ. ಆಗ ನಮ್ಮ ಜೋಳದ ಚೀಲ ಕೈ ಹಿಡಿಯುತ್ತದೆ. ಹಳೇ ಜೋಳದಲ್ಲಿ ಕಾಳು-ಕಾಳು ಅಂಟಿ ಗಂಟು ಕಟ್ಟಿರುತ್ತದಲ್ಲ, ಅದನ್ನು ಕಟ್ಟುವ ಹುಳವೇ ಮುಂದೆ ಬೂದು ಪತಂಗವಾಗಿ ಏಳುತ್ತದೆ. ಮೆತ್ತಗಿರುತ್ತದೆ, ನಿಧಾನ ಹಾರುತ್ತದೆ, ಜೇಡಕ್ಕೆ ಹಬ್ಬ. ತೊಗರಿಕಾಳಿನಲ್ಲಿ ಬರುವ ಗುಂಡು ಹುಳ ಮಾತ್ರ ಪ್ರಯೋಜನ ಇಲ್ಲ, ಚಿಪ್ಪು ಗಟ್ಟಿ, ಹಿಡಿದು ಬಿಟ್ಟುಬಿಡುತ್ತದೆ. ಚೀಲದಲ್ಲಿ ಗುಳಿಗೆ ಇಟ್ಟಿದ್ದರೆ, ಬೋರಿಕ್ ಪುಡಿ ಕಲಸಿದ್ದರೆ ಆ ಧಾನ್ಯದ ಹುಳ ಕೊಡಬೇಡಿ.

ವಿಷದ ವಿಷಯ ಬಂದಾಗ ಇನ್ನಷ್ಟು ಹೇಳಬೇಕು. ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ, ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ, ಇವೆಲ್ಲ ಜೇಡವನ್ನೂ ಕೊಲ್ಲುತ್ತವೆ. ಬರಣಿ ಇರುವ ಕೋಣೆಯಲ್ಲಿ ಇವು ಬೇಡ. ಓಣಿಯಲ್ಲಿ ಸೊಳ್ಳೆ ಹೊಗೆ ಹೊಡೆಯಲು ಬಂದರೆ ಕಿಟಕಿ ಹಾಕಿ ಬರಣಿಯನ್ನು ಒಳಗಿನ ಕೋಣೆಗೆ ಒಯ್ಯಿರಿ. ಸ್ಪ್ರೇ ಹೊಡೆದ ಮನೆಯ ಜಿರಳೆಯನ್ನು ಊಟಕ್ಕೆ ಹಾಕಬಾರದು. ಇರುವೆ ಹತ್ತದಂತೆ ಸಕ್ಕರೆ ಡಬ್ಬಿಗೆ ಮಾಡುವ ಹಾಗೆ ನೀರಿನ ತಟ್ಟೆಯ ನಡುವೆ ಬರಣಿ ಇಡಿ.

ತಿಂದು ಉಳಿದ ಸಿಪ್ಪೆಯನ್ನು ಮರುದಿನವೇ ತೆಗೆಯಿರಿ. ಜೇಡ ಅಗಿಯುವುದಿಲ್ಲ, ಜೀರ್ಣದ ರಸ ಬಿಟ್ಟು ಒಳಗಿದ್ದದ್ದನ್ನು ಕರಗಿಸಿ ಹೀರುತ್ತದೆ. ಖಾಲಿ ಚಿಪ್ಪು ಹಾಗೇ ಬಿದ್ದಿರುತ್ತದೆ.

ಊಟ ಬಿಟ್ಟರೆ ಹೆದರಬೇಡಿ

ಒಂದು ದಿನ ಅದು ಹುಳದ ಕಡೆ ತಿರುಗಿಯೂ ನೋಡುವುದಿಲ್ಲ. ಚೀಲವನ್ನು ದಪ್ಪಗೆ ಹೆಣೆದು ಒಳಗೆ ಸೇರಿಕೊಂಡು ನಾಲ್ಕು ದಿನ, ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊರಗೆ ಬರುವುದಿಲ್ಲ. ಪೊರೆ ಬಿಡುತ್ತಿದೆ. ಒಳಗೆ ಹಾಕಿದ ಜೀವಂತ ಹುಳವನ್ನು ತಕ್ಷಣ ತೆಗೆದುಬಿಡಿ. ಪೊರೆ ಬಿಟ್ಟ ಜೇಡದ ಮೈ ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ಆಗ ಸಣ್ಣ ಜಿರಳೆ ಕೂಡ ಅದನ್ನು ಕಡಿದು ಹಾಕಬಲ್ಲದು. ಚೀಲ ಹರಿದು ಇಣುಕಬೇಡಿ, ಬರಣಿ ಅಲುಗಿಸಬೇಡಿ. ದೂರದ ಗೋಡೆಗೆ ಒಂದು ಹನಿ ನೀರು ಮಾತ್ರ ತಪ್ಪಿಸಬೇಡಿ. ಹೊರಬಂದ ಮೇಲೂ ಮೂರು ನಾಲ್ಕು ದಿನ ಬಿಟ್ಟು ಊಟ ಕೊಡಿ.

ಕಳಚಿದ ಪೊರೆ ಸಿಕ್ಕರೆ ಎಸೆಯಬೇಡಿ. ಎಂಟೂ ಕಾಲು, ಹಲ್ಲು, ಕಣ್ಣಿನ ಜಾಗದ ಎಂಟು ಪಾರದರ್ಶಕ ಬಿಲ್ಲೆ, ಎಲ್ಲ ಹಾಗೇ ಇರುತ್ತದೆ. ನಾನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ, ತಾರೀಖು ಬರೆದು ಇಟ್ಟಿದ್ದೇನೆ. ನನ್ನ ಮಗ ಶಾಲೆಗೆ ಒಯ್ದು ತೋರಿಸಿದ.

ಚೀಲದೊಳಗೆ ಮೊಟ್ಟೆ ಕಂಡರೆ, ಅಂದರೆ ಹಿಡಿಯುವ ಮುಂಚೆಯೇ ಹೆಣ್ಣು ಗಂಡನ್ನು ಸೇರಿದ್ದರೆ, ತಾಯಿಯನ್ನು ಅಲ್ಲೇ ಕಾಯಲು ಬಿಡಿ. ಮರಿಗಳು ಎದ್ದು ಚೀಲದಿಂದ ಹೊರಬಂದ ಕೂಡಲೇ ಬರಣಿಯನ್ನು ಸಂಜೆ ತುಳಸಿ ಕಟ್ಟೆಯ ಬಳಿ ತೆರೆದಿಡಿ. ಅಷ್ಟು ಮರಿಗಳಿಗೆ ಊಟ ಹೊಂದಿಸಲು ನಿಮ್ಮಿಂದ ಆಗುವುದಿಲ್ಲ, ಹಸಿದರೆ ಒಂದನ್ನೊಂದು ತಿನ್ನುತ್ತವೆ.

ಕೈ ಮೇಲೆ ಬಿಟ್ಟುಕೊಳ್ಳಬಹುದಾ ಅಂತ ಮಕ್ಕಳು ಕೇಳುತ್ತಾರೆ. ನೆಗೆಯುವ ಜೇಡ ತಾನಾಗಿ ಬಂದರೆ ಬರಲಿ, ನೆಲದ ಮೇಲೆ ಕೂತು ಕೈ ಚಾಚಿ. ಎತ್ತಿ ಹಾಕಿಕೊಳ್ಳುವುದು ಬೇಡ. ಬಚ್ಚಲ ದೊಡ್ಡ ಜೇಡವನ್ನು ಯಾವತ್ತೂ ಬೇಡ, ಎತ್ತರದಿಂದ ಬಿದ್ದರೆ ಅದರ ಹೊಟ್ಟೆ ಒಡೆಯುತ್ತದೆ.

ಬಿಡುವುದು

ನಾನು ಯಾವುದನ್ನೂ ಆರೇಳು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿಲ್ಲ. ನೆಗೆಯುವ ಜೇಡದ ಆಯುಸ್ಸೇ ಸುಮಾರು ಒಂದು ವರ್ಷ. ಆಗಸ್ಟ್‌ನಲ್ಲಿ ಹಿಡಿದದ್ದನ್ನು ಬೇಸಿಗೆ ಬರುವ ಮುಂಚೆ, ಫೆಬ್ರವರಿಯಲ್ಲಿ ಬಿಟ್ಟುಬಿಡುತ್ತೇನೆ. ಹಿಡಿದ ಜಾಗಕ್ಕೇ ಬಿಡಬೇಕು, ಬೆಳಿಗ್ಗೆ, ಹಲ್ಲಿ ಕಾಣದ ಹೊತ್ತಿನಲ್ಲಿ. ಬಿಡುವ ಮುಂಚೆ ಒಂದು ಹುಳ, ಎರಡು ಹನಿ ನೀರು ಕೊಟ್ಟು ಕಳಿಸಿ. ಮುಚ್ಚಳ ತೆಗೆದು ಬರಣಿಯ ಬಾಯನ್ನು ಗೋಡೆಗೆ ಹಚ್ಚಿ ಹಿಡಿದರೆ ಅದು ಸಮಯ ನೋಡಿ ಹೊರಗೆ ಕಾಲಿಡುತ್ತದೆ. ಕೆಲವು ಹಾರಿ ಹೋಗುತ್ತವೆ, ಕೆಲವು ಗೋಡೆ ಮೇಲೆ ನಿಂತು ತಿರುಗಿ ನೋಡುತ್ತವೆ.

ಹಬ್ಬಕ್ಕೆ ಮನೆ ಗುಡಿಸುವಾಗ ಏನು ಮಾಡುವುದು ಅಂತ ಅತ್ತೆ ಮತ್ತು ನಾನು ಮಾತಾಡಿಕೊಂಡಿದ್ದೇವೆ. ದೇವರ ಜಗಲಿ, ಅಡುಗೆ ಮನೆ, ಪಡಸಾಲೆ ಅವರ ಕಸಬರಿಗೆಗೆ. ಬಚ್ಚಲ ಮೂಲೆ ಮತ್ತು ಮೆಟ್ಟಿಲ ಕೆಳಗಿನ 2 ಅಡಿ ಜಾಗ ಜೇಡಕ್ಕೆ. ಹೋದ ದೀಪಾವಳಿಗೆ ಮೆಟ್ಟಿಲ ಕೆಳಗೆ ಬಾಯಲ್ಲಿ ಮೊಟ್ಟೆ ಹಿಡಿದ ಉದ್ದ ಕಾಲಿನದನ್ನು ಕಂಡು ಅವರೇ ನನ್ನನ್ನು ಕರೆದರು. "ಬಾರವಾ ಇಲ್ಲಿ, ಬಾಣಂತಿ ಕುಂತಾಳ ನೋಡು."

ಖಾಲಿಯಾದ ಬರಣಿಯನ್ನು ಬರೀ ಬಿಸಿ ನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಕಡ್ಡಿ, ಕಾಗದ, ಹತ್ತಿ ಎಸೆದುಬಿಡಿ. ಬಿಸಿಲಿಗೆ ಎರಡು ದಿನ ಒಣಗಲು ಇಟ್ಟು, ತೂತುಗಳಲ್ಲಿ ಹಳೇ ರೇಷ್ಮೆ ಸಿಕ್ಕಿಕೊಂಡಿದ್ದರೆ ಸೂಜಿಯಿಂದ ಬಿಡಿಸಿ, ಮುಂದಿನ ಮಳೆಗಾಲಕ್ಕೆ ಎತ್ತಿಡಿ.